ಗಾಳಿ ನಿಂತ ತಿಂಗಳುಗಳ ಲೆಕ್ಕ

ವಟ್ವಾದ ಬಣ್ಣದ ಕಾರ್ಖಾನೆಯಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತ್ತು. ಧಾರವಾಡದಿಂದ ಬಂದವಳಿಗೆ ಅಲ್ಲಿ ಕನ್ನಡದಲ್ಲಿ ಮಾತಾಡಲು ಸಿಕ್ಕವರು ಒಬ್ಬರೇ, ನನ್ನ ಮೇಲಧಿಕಾರಿ. ಮೈಸೂರು ಕಡೆಯವರು, ರಸಾಯನ ವಿಜ್ಞಾನಿ. ಭದ್ರವಾದ ಸರ್ಕಾರಿ ಕೆಲಸ ಬಿಟ್ಟು ಒಂದೇ ಹಟ ಹಿಡಿದು ಬಂದಿದ್ದರು: ಬಾಯ್ಲರಿನ ಹೊಗೆಯಿಂದ ಇಂಗಾಲದ ಡೈಆಕ್ಸೈಡ್ ಹಿಡಿದು, ನೀರನ್ನು ಒಡೆದು ತೆಗೆದ ಹೈಡ್ರೋಜನ್ ಕೂಡಿಸಿ, ಕಾರ್ಖಾನೆಗೆ ಬೇಕಾದ ದ್ರಾವಕ ಮೆಥನಾಲ್ ಮಾಡಬೇಕು.

ನೀರು ಒಡೆಯಲು ವಿಪರೀತ ವಿದ್ಯುತ್ ಬೇಕಲ್ಲ, ಅಂದೆ.

"ಮಳೆಗಾಲದಲ್ಲಿ ಕರಾವಳಿಯ ಗಾಳಿಯಂತ್ರಗಳು ಹುಚ್ಚೆದ್ದು ತಿರುಗ್ತವೆ. ಆಗ ಹೊಲದ ಪಂಪುಗಳೆಲ್ಲ ಬಂದ್. ಯಾರಿಗೂ ಬೇಡದ ಆ ಕರೆಂಟನ್ನ ನಮಗೆ ಕೊಡಲಿ," ಅಂದರು.

ಪ್ರಯೋಗಕ್ಕೆ ಕಟ್ಟಿದ ಸಣ್ಣ ಯಂತ್ರದಿಂದ ಮೊದಲ ಹನಿಗಳು ಬಿದ್ದ ದಿನ ಕಾರ್ಖಾನೆಯ ಮಾಲೀಕರಾದ ಸೇಠರು ಎಲ್ಲರಿಗೂ ಪೇಢಾ ಹಂಚಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ದೊಡ್ಡದಾಗಿ ಮಾಡಿದರೆ ಗಿಟ್ಟುತ್ತದೆಯೇ, ಲೆಕ್ಕ ಹಾಕಿ ಹೇಳು ಅಂದರು.

ಗಾಳಿಯ ಕರೆಂಟು ಕೇಳಲು ಸರ್ ಮತ್ತು ನಾನು ವಡೋದರಾದ ವಿದ್ಯುತ್ ಕಂಪನಿಯ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ಚಹಾ ಕುಡಿಸಿ, ನಯವಾಗಿಯೇ ಹೇಳಿದರು: ಹೆಚ್ಚುವರಿ ಇರುವುದು ಮಳೆಗಾಲದ ಕೆಲವೇ ವಾರ, ಅದನ್ನು ತಂತಿಯಲ್ಲಿ ಸಾಗಿಸುವ ಬಾಡಿಗೆ ಬೇರೆ. ವಾಪಸು ಬರುವಾಗ ರೈಲಿನಲ್ಲಿ ಸರ್ ಕಿಟಕಿಯ ಕಡೆಗೇ ತಿರುಗಿ ಕೂತಿದ್ದರು.

ಲೆಕ್ಕವನ್ನು ಹೇಗೆ ತಿರುವಿ ಹಾಕಿದರೂ ಕೂಡಿ ಬರಲಿಲ್ಲ. ಗಾಳಿ ನಿಂತ ತಿಂಗಳುಗಳಲ್ಲಿ ಅಷ್ಟು ದುಬಾರಿ ಯಂತ್ರ ಸುಮ್ಮನೆ ನಿಲ್ಲಬೇಕು. ನಿಲ್ಲಿಸದೆ ನಡೆಸಿದರೆ ಕಲ್ಲಿದ್ದಲಿನ ಕರೆಂಟು ಬೇಕು. ಆಗ ನಾವು ಹಿಡಿದದ್ದಕ್ಕಿಂತ ಹೆಚ್ಚು ಹೊಗೆ ಆ ವಿದ್ಯುತ್ ಸ್ಥಾವರದಲ್ಲಿ ಏಳುತ್ತದೆ. ಹೊರದೇಶದಿಂದ ಹಡಗಿನಲ್ಲಿ ಬರುವ ಮೆಥನಾಲೇ ಅಗ್ಗ.

ಸೇಠರಿಗಿಂತ ಮೊದಲು ಸರ್‌ಗೆ ಹೇಳಬೇಕೆನಿಸಿತು. ಚಾಂದ್‌ಖೇಡಾದ ಅವರ ಮನೆಗೆ ಹೋದೆ. ಅವರ ಹೆಂಡತಿ ಉಪ್ಪಿಟ್ಟು ತಂದಿಟ್ಟರು. ನಾನು ಹೇಳಿ ಮುಗಿಸುವವರೆಗೂ ಸರ್ ತಟ್ಟೆ ಮುಟ್ಟಲಿಲ್ಲ.

"ನೀನೂ ಆ ಅಧಿಕಾರಿಯ ಕಡೆಗೇನಮ್ಮಾ?"

"ಕಡೆ ಅಂತಲ್ಲರಿ ಸರ್. ನೀವಽ ಒಮ್ಮೆ ಲೆಕ್ಕ ಹಾಕಿ ನೋಡ್ರಿ."

"ಹಾಕಿದೀನಿ," ಅಂದರು ಮೆಲ್ಲಗೆ. "ಬರೋಕೆ ಮುಂಚೇನೇ ಹಾಕಿದ್ದೆ. ಗಾಳಿಯಂತ್ರಗಳು ಜಾಸ್ತಿ ಆಗ್ತವೆ, ಅಲ್ಲೀವರೆಗೂ ಕಾದ್ರಾಯ್ತು ಅಂದ್ಕೊಂಡಿದ್ದೆ."

ಅವರ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು; ಸರ್ಕಾರಿ ಕೆಲಸ ಬಿಡುವ ಮೊದಲೇ ಹಾಕಿದ್ದ ಆ ಲೆಕ್ಕದ ಮಾತು ಅವರಿಗೂ ಹೊಸದು. ಆ ಮುಖವನ್ನು ನೋಡಲಾಗದೆ ನಾನು ಚಪ್ಪಲಿ ಮೆಟ್ಟಿಕೊಂಡೆ.

ಸೇಠರು ಸಿಟ್ಟಾಗಲಿಲ್ಲ. ತಂಗಿ ಎಂದೇ ಕರೆದರು. "ಬೇನ್, ಗಾಳಿ ಬಿಟ್ಟಿ ಇರಬಹುದು. ಕಾಯೋದು ಬಿಟ್ಟಿ ಅಲ್ಲ," ಅಂದರು. ಯಂತ್ರ ಬಿಚ್ಚಿ ಮಾರಿದರು. ಸರ್ ಮನೆಯಲ್ಲೇ ಕೆಮಿಸ್ಟ್ರಿ ಟ್ಯೂಷನ್ ಶುರು ಮಾಡಿದರು. ನಾನು ಸೂರತ್‌ನ ಕಾಸ್ಟಿಕ್ ಸೋಡಾ ಕಾರ್ಖಾನೆಯೊಂದಕ್ಕೆ ಹೊರಟುಹೋದೆ.

ಮುಂದಿನ ವರ್ಷ ಸರ್ ಫೋನ್ ಮಾಡಿದರು. "ಅಲ್ಲಿ ಕಾಸ್ಟಿಕ್ ಸೋಡಾ ಮಾಡೋವಾಗ ಹೈಡ್ರೋಜನ್ ಸುಮ್ಮನೆ ಬರುತ್ತಲ್ವಾ? ಬಿಸಾಡ್ತಾರಾ?"

"ಇಲ್ಲರಿ ಸರ್. ಬಾಯ್ಲರಿಗೆ ಉರಸ್ತಾರ, ಏನೂ ಉಳಿಯಂಗಿಲ್ಲ."

ಅತ್ತ ಕಡೆ ಅವರು ಲೆಕ್ಕದ ಪುಸ್ತಕ ಮುಚ್ಚಿದ ಸದ್ದು ಕೇಳಿಸಿತು.

"ಸರಿ," ಅಂದರು. "ಊಟ ಆಯ್ತೇನಮ್ಮಾ?"