ಹೆಸರಿಲ್ಲದ ಚೂರು

ಅವತ್ತು ಬೆಳಿಗ್ಗೆಯೂ ನಾನು ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತ ನಿಂತಿದ್ದೆ. ಹಿತ್ತಲ ನಲ್ಲಿಯಲ್ಲಿ ಪೂರ್ಣಿಮಾ ಕೈ ತೊಳೆಯುತ್ತಿದ್ದಳು. ಬೆರಳ ಸಂದಿ, ಉಗುರಿನ ಅಡಿ, ಮೊಳಕೈವರೆಗೆ. ಕಾನ್ವೆಂಟಿನಲ್ಲಿ ನಮ್ಮ ಉಗುರು ನೋಡಿ ಸ್ಕೇಲಿನಿಂದ ತಟ್ಟುತ್ತಿದ್ದ ಸಿಸ್ಟರ್ ಇವಳನ್ನು ಕಂಡಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ! ನಾಲ್ಕು ವರ್ಷ ಬಸವನಗುಡಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು. ಅವತ್ತು ಖಾಲಿ ಮಾಡುವ ದಿನ. ಇಲ್ಲಿನ ಪ್ರಾಜೆಕ್ಟ್ ಮುಗಿದಿತ್ತು. ಇನ್ನು ಹೈದರಾಬಾದಿನಲ್ಲಿ ಬೇರೆ ಕೆಲಸ.

ಡಾಕ್ಟರ್ ಅಂತ ಬೀದಿಯವರೆಲ್ಲ ಅವಳಿಗೆ ಮಂಡಿನೋವು ತೋರಿಸಲು ಬರುತ್ತಿದ್ದರು. "ನಾನು ಮಾತ್ರೆ ಕೊಡೋ ಡಾಕ್ಟರಲ್ಲ ಆಂಟಿ, ಬರೀ ಓದೋ ಡಾಕ್ಟರು," ಎಂದು ನಗುತ್ತಿದ್ದಳು. ಮಕ್ಕಳ ಸ್ನಾಯುಗಳಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರಿನ ಜೀನ್‌ಗಳನ್ನು ಓದುವುದು ಅವಳ ಕೆಲಸ. ಆಸ್ಪತ್ರೆಯಿಂದ ಬರುವ ಗಡ್ಡೆಯ ಚೂರುಗಳ ಮೇಲೆ ಬರೀ ನಂಬರು. ಯಾವ ಮಗುವಿನದೆಂದು ಕೇಳುವಂತಿಲ್ಲ. ಅದೇ ಅಭ್ಯಾಸದಿಂದ ನಮ್ಮ ಫ್ರಿಜ್ಜಿನಲ್ಲಿಡುತ್ತಿದ್ದ ದೋಸೆಹಿಟ್ಟಿಗೂ ನಂಬರು, ತಾರೀಖು. "ಹಿಟ್ಟಿಗೂ ಜಾತಕ ಬರೆದೆಯೇನೇ?" ಎಂದು ನಾನು ರೇಗಿಸುತ್ತಿದ್ದೆ.

ನಮ್ಮ ಬೀದಿಯ ಮೂಲೆಯಲ್ಲಿ ಸೊಪ್ಪು ಮಾರುವ ಮಂಜುಳಾಳ ಮಗಳು ದೀಪು. ಆರು ವರ್ಷ. ಅವಳ ಮೀನಖಂಡದಲ್ಲಿ ಅಂಥದೇ ಗಡ್ಡೆ ಎದ್ದಿತು. ಆಪರೇಷನ್ನಿನಲ್ಲಿ ತೆಗೆದ ಚೂರನ್ನು ಸಂಶೋಧನೆಗೆ ಕೊಡಲು ಮಂಜುಳಾ ಸಹಿ ಹಾಕಿದಳು. ಅದು ಪೂರ್ಣಿಮಾಳ ಲ್ಯಾಬಿಗೇ ಹೋಗುತ್ತದೆಂದು ತಿಳಿದದ್ದೇ, ದಿನಾ ಅವಳಿಗೊಂದು ಕಟ್ಟು ಸೊಪ್ಪು ತೆಗೆದಿಡತೊಡಗಿದಳು.

"ಔಷ್ದಿ ಸಿಕ್ತಾ ಅಕ್ಕಾ?"

ಪೂರ್ಣಿಮಾ ಸುಳ್ಳು ಹೇಳಿದ್ದನ್ನು ನಾನು ಕಂಡಿರಲಿಲ್ಲ. "ಇಲ್ಲ ಮಂಜುಳಾ. ನಾವು ಹುಡುಕ್ತಿರೋದು ಮುಂದೆ ಬರೋ ಮಕ್ಕಳಿಗೆ."

"ಅವ್ರಿಗೂ ಸಿಗ್ಲಿ ಬಿಡಿ. ಮೊದ್ಲು ನಮ್ ದೀಪೂಗೆ."

ಆ ಸೊಪ್ಪು ನನ್ನ ಅಡುಗೆಮನೆಗೆ ಬರುತ್ತಿತ್ತು. "ನೀವೇ ಹುಳಿ ಮಾಡ್ಕೊಳ್ಳಿ ಆಂಟಿ, ನನಗೆ ಗಂಟಲಲ್ಲಿ ಇಳಿಯಲ್ಲ." ಒಮ್ಮೆ ಕಾಫಿ ಆರಿಸುತ್ತ ಹೇಳಿದಳು: "ಎರಡು ಜೀನ್ ಮುರಿದು ತಪ್ಪಾಗಿ ಅಂಟಿಕೊಂಡುಬಿಟ್ಟಿರ್ತವೆ. ಎಲ್ಲಿ ಅಂತ ಗೊತ್ತು ಆಂಟಿ. ಏನ್ ಮಾಡೋದು ಅಂತ ಗೊತ್ತಿಲ್ಲ." ನಾನು ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿ ಮಾಡಿದೆ. ಹಿಂದಿನ ತಿಂಗಳಷ್ಟೇ ದೀಪುವಿನ ಕಾಯಿಲೆ ಮರುಕಳಿಸಿತ್ತು, ಈ ಸಲ ಶ್ವಾಸಕೋಶದಲ್ಲಿ.

ಖಾಲಿ ಮಾಡುವ ಆ ದಿನ ಸಾಮಾನಿನ ಗಾಡಿ ಹೊರಟಿತು. ಪೂರ್ಣಿಮಾ ಆಟೋ ಹತ್ತುವಷ್ಟರಲ್ಲಿ ಮಂಜುಳಾ ಓಡಿಬಂದಳು, ಕೈಯಲ್ಲಿ ಮೆಂತ್ಯ ಸೊಪ್ಪು.

"ನೀವ್ ಹೋದ್ರೆ ನಮ್ ಚೂರು ಯಾರ್ ನೋಡ್ಕೋತಾರಕ್ಕಾ?"

"ಲ್ಯಾಬಲ್ಲೇ ತಣ್ಣಗೆ ಇಟ್ಟಿದೀವಿ. ಬೇರೆಯವರು ನೋಡ್ಕೋತಾರೆ."

"ಅವ್ರಿಗ್ ಗೊತ್ತಾ, ಅದು ದೀಪೂದು ಅಂತ?"

ಪೂರ್ಣಿಮಾ ನನ್ನ ಕಡೆ ನೋಡಿದಳು. ನಾನು ಗೇಟಿನ ಚಿಲಕ ನೋಡುತ್ತ ನಿಂತೆ.

"ಗೊತ್ತು," ಅಂದಳು. "ಹೇಳಿದೀನಿ. ಔಷಧಿ ಸಿಕ್ಕಿದ್ರೆ ಮೊದಲು ಅವಳಿಗೇ."

ಸೊಪ್ಪನ್ನು ಮಡಿಲಲ್ಲಿಟ್ಟುಕೊಂಡು ಹೊರಟಳು. ನನಗೆ ಹೋಗಿಬರ್ತೀನಿ ಅನ್ನಲಿಲ್ಲ.

ಸಂಜೆ ಪಕ್ಕದ ಮನೆಯ ಜಯಮ್ಮನವರು ಒಣಗಿದ ಬಟ್ಟೆ ತೆಗೆಯುತ್ತ ಕಾಂಪೌಂಡಿನಾಚೆಯಿಂದ ಕೇಳಿದರು: "ಏನ್ರೀ, ಸೊಪ್ಪಿನ ಮಂಜುಳಾ ಮನೇಲೇನು ವಿಶೇಷ? ಇವತ್ತು ಕೇಳದೇನೇ ಎಲ್ಲರಿಗೂ ಕೊಸರು ಹಾಕಿ ಕೊಡ್ತಿದ್ಲು!"