ತಂಗಿಯ ಗಂಡ ತಂದ ಸೀಲಿನ ಪೆಟ್ಟಿಗೆ

ನನ್ನ ಗಂಡ ಕಿಶನ ಸತ್ಯವಂತ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ, ಹೊಟ್ಟೆ ಉರಿದು ಹೇಳುತ್ತಿದ್ದೇನೆ.

ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳ ವೈರ್‌ಲೆಸ್ ಸೆಟ್ಟು ರಿಪೇರಿ ಮಾಡುವುದು ಇವರ ಹೊಟ್ಟೆಪಾಡು. ಹುಚ್ಚು ಮಾತ್ರ ಹಳೆಯ ವಿಡಿಯೋ ಗೇಮುಗಳದ್ದು. ಟೀವಿಗೆ ಜೋಡಿಸಿ, ಕ್ಯಾಸೆಟ್ ತುರುಕಿ ಆಡುತ್ತಿದ್ದೆವಲ್ಲ, ಆ ಯಂತ್ರಗಳು. ಹಡಗಿನ ಕೆಲಸಕ್ಕೆ ಹೋದವರು ತಂದು ಅಟ್ಟಕ್ಕೆ ಎಸೆದದ್ದನ್ನು ಕೊಂಡು, ಉಪ್ಪುಗಾಳಿಗೆ ಹಸಿರುಗಟ್ಟಿದ್ದನ್ನೆಲ್ಲ ತಿಕ್ಕಿ, ಬೆಸುಗೆ ಹಾಕಿ, ಅಂಥವನ್ನು ಕೂಡಿಡುವವರಿಗೆ ಮಾರುತ್ತಿದ್ದರು. ಅವರದೇ ಒಂದು ವಾಟ್ಸಾಪ್ ಗುಂಪಿದೆ, ಪುಣೆಯಿಂದ ಮಂಗಳೂರಿನವರೆಗಿನ ಜನ. ಅಲ್ಲಿ ಇವರು ಯಂತ್ರದ ಗುಣಕ್ಕಿಂತ ಮೊದಲು ದೋಷ ಹೇಳುತ್ತಿದ್ದರು. ಎಡಗಡೆ ಬಟನ್ ಅಂಟುತ್ತದೆ, ಮೇಲಿನ ಕವಚ ಅಸಲಿ ಅಲ್ಲ, ನೋಡಿಕೊಂಡು ತೆಗೆದುಕೊಳ್ಳಿ.

"ಹಿಂಗೆ ಹೇಳಿದ್ರೆ ಯಾರು ತಕಂತಾರೆ ಮಾರಾಯ್ರೇ?" ಎಂದು ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ. ಆದರೂ ಜನ ಕೊಳ್ಳುತ್ತಿದ್ದರು. ಆರು ವರ್ಷಗಳಲ್ಲಿ, ಕಾರವಾರದ ಕಿಶನನ ಮಾಲು ಅಂದರೆ ಕಣ್ಣು ಮುಚ್ಚಿ ಕೊಳ್ಳಬಹುದು ಎನ್ನುವಷ್ಟು ಹೆಸರಾಯಿತು.

ಹೋದ ಚೌತಿಗೆ ನಾದಿನಿ ಪ್ರಗತಿಯ ಗಂಡ ಸೂರಜ್ ಅಂಕೋಲೆಯ ಬೇಲೇಕೇರಿಯಿಂದ ಬಂದ. ಅವನೂ ಹಡಗಿನವನೇ. ಕೈಯಲ್ಲೊಂದು ಪೆಟ್ಟಿಗೆ.

"ಜಪಾನಿಂದು ಭಾವ. ಮೂವತ್ತು ವರ್ಷದ ಹಳೇದು, ಇನ್ನೂ ಸೀಲೇ ಒಡೀಲಿಲ್ಲ."

ಸೀಲು ಒಡೆಯದ ಯಂತ್ರವೆಂದರೆ ಈ ಹುಚ್ಚರಿಗೆ ಬಂಗಾರ. ಒಡೆದರೆ ಬೆಲೆ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ತೆರೆದು ನೋಡುವಂತಿಲ್ಲ. ಆದರೆ ಭೂತಗನ್ನಡಿ ಹಿಡಿದು ಪ್ಲಾಸ್ಟಿಕ್ಕಿನ ಅಂಚು ನೋಡಿದರೆ ಹೊಸದಾಗಿ ಅಂಟಿಸಿದ್ದು ತಿಳಿಯುತ್ತದೆ. ಬೇರೆ ಯಾರು ತಂದಿದ್ದರೂ ಇವರು ಅರ್ಧ ತಾಸು ನೋಡುತ್ತಿದ್ದರು. ಅವತ್ತು ನೋಡಲಿಲ್ಲ.

ನಮ್ಮಲ್ಲಿ ಒಂದು ರೂಢಿ ಇದೆ. ಪೇಟೆಯಲ್ಲಿ ತಾಜಾ ಹೌದೋ ಅಲ್ಲವೋ ಎಂದು ಕಿವಿರು ಎತ್ತಿ ನೋಡದೆ ಮೀನು ಕೊಳ್ಳುವವಳು ಹೆಡ್ಡಿ. ಆದರೆ ಸಂಬಂಧಿಕರ ದೋಣಿಯ ಮೀನು ಮನೆಗೆ ಬಂದರೆ ಕಿವಿರು ಎತ್ತಬಾರದು. ಎತ್ತಿದರೆ ಅವರ ಮುಖಕ್ಕೆ ಉಗಿದ ಹಾಗೆ. ಅತ್ತೆ ಕಾಶಿ ನಲವತ್ತು ವರ್ಷ ಮೀನು ಮಾರಿದವರು, ಮಗನಿಗೆ ಇದನ್ನೇ ಕಲಿಸಿದ್ದರು. ತಂಗಿಯ ಗಂಡನ ಎದುರು ಭೂತಗನ್ನಡಿ ತೆಗೆಯುವುದು ಹೇಗೆ? ಕೂಡಿಟ್ಟ ದುಡ್ಡೆಲ್ಲ ಕೊಟ್ಟು ಇಟ್ಟುಕೊಂಡರು.

ಧಾರವಾಡದ ಯೋಗೇಶ ಎಂಬ ಮೇಷ್ಟ್ರು ಅದನ್ನು ಕೊಂಡರು. "ನಮ್ಮ ಮನೆ ಜನವೇ ತಂದದ್ದು ಸರ್, ನನ್ನ ಮಾತು ನಂಬಿ" ಎಂದರು ಇವರು. ಹದಿನೈದು ದಿನಕ್ಕೆ ಗುಂಪಿನಲ್ಲಿ ವಿಡಿಯೋ ಬಂತು. ಅಂಚಿನ ಮೇಲೆ ಅನುಮಾನ ಬಂದು ಮೇಷ್ಟ್ರು ಪೆಟ್ಟಿಗೆ ಒಡೆದಿದ್ದರು. ಒಳಗೆ ಖಾಲಿ ಕವಚ. ತೂಕಕ್ಕೆಂದು ತುಂಬಿಸಿದ್ದು ಬಲೆಗೆ ಕಟ್ಟುವ ಸೀಸದ ಗುಂಡುಗಳು!

ಬಲೆಯ ಗುಂಡು ಯಾರ ಮನೆಯಲ್ಲಿರುತ್ತದೆ? ಮೀನುಗಾರನ ಮನೆಯಲ್ಲಿ. ಇವರು ಮೀನುಗಾರರ ಮನೆತನದವರೆಂದು ಎಲ್ಲರಿಗೂ ಗೊತ್ತು. ಗುಂಪಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆರು ವರ್ಷ ದೋಷ ಹೇಳಿದ್ದೆಲ್ಲ ನಾಟಕ, ಒಂದು ದೊಡ್ಡ ಮೋಸಕ್ಕೆ ಹಾಕಿದ ಗಾಳ ಎಂದು ಬರೆದರು. ಮೇಷ್ಟ್ರ ದುಡ್ಡು ಆಗಲೇ ಬೇರೆ ಯಂತ್ರಗಳಿಗೆ ಹೋಗಿತ್ತು; ಇವರು ನನ್ನ ಎರಡು ಬಳೆ ಮಾರಿ ಅದನ್ನು ವಾಪಸು ಕೊಟ್ಟರು. ಅದಕ್ಕೂ, ಸಿಕ್ಕಿಬಿದ್ದ ಮೇಲೆ ಕೊಟ್ಟ ಎಂದರು. ಮಾಲು ತಂದವನ ಹೆಸರು ಹೇಳು, ಇಲ್ಲದಿದ್ದರೆ ನೀನೇ ಕಳ್ಳ ಅಂತ ತಿಳಿಯುತ್ತೇವೆ ಎಂದು ಭಾನುವಾರದವರೆಗೆ ಸಮಯ ಕೊಟ್ಟರು.

ಸೂರಜ್‌ಗೆ ಫೋನು ಮಾಡಿದರೆ ಅವನೇ ದಬಾಯಿಸಿದ. "ನೋಡಿ ತಕಣೂದು ನಿಮ್ಮ ಕೆಲಸ ಭಾವ. ನಾನೇನು ನೋಡ್ಬೇಡಿ ಅಂದಿದ್ನಾ?"

"ಹೆಸ್ರು ಹೇಳಿ ಬಿಡಿ!" ಎಂದು ನಾನು ಕೂಗಾಡಿದೆ.

"ಹೇಳಿದ್ರೆ ಪ್ರಗತಿ ಆ ಮನೇಲಿ ಬಾಳೂದು ಹ್ಯಾಂಗೆ? ಪಾಪ, ಅದಕ್ಕೆಂತ ಗೊತ್ತು?" ಎಂದರು. ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಬಂದರಿನ ಕಡೆಗೂ ಹೋಗಲಿಲ್ಲ.

ಶನಿವಾರ ಪ್ರಗತಿಯೇ ಬಂದಳು. ಅಳುತ್ತ ಬಂದವಳು ಬಾಗಿಲಲ್ಲೇ ಕೂತಳು. "ದಾದಾ, ಪ್ಲಾಸ್ಟಿಕ್ ಅಂಟಿಸುವಾಗ ನಾನೇ ಹೇರ್ ಡ್ರೈಯರ್ ಹಿಡಿದಿದ್ದೆ" ಎಂದಳು.

ನಾನು ಬೈಯಲು ಬಾಯಿ ತೆಗೆದೆ. ಇವರು ನನ್ನ ಕೈ ಹಿಡಿದು ಸುಮ್ಮನಿರಿಸಿ, ಒಂದೇ ಮಾತು ಕೇಳಿದರು. "ಅವ್ನೇ ಮಾರಬಹುದಿತ್ತಲ್ಲ ಪ್ರಗತಿ, ನನ್ನ ಕೈಗೆಂತಕ್ಕೆ ಕೊಟ್ಟದ್ದು?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನ್ನ ಹೆಸ್ರಿದ್ರೆ ಯಾರೂ ತೆರ್ದು ನೋಡೂದಿಲ್ಲ ಅಂತ, ದಾದಾ."

ಇವರು ಮೊಬೈಲು ತೆಗೆದರು. ಈಗಲಾದರೂ ಆ ಲಫಂಗನ ಹೆಸರು ಬರೆಯುತ್ತಾರೆ ಅಂದುಕೊಂಡೆ. ಬರೆಯಲಿಲ್ಲ. ಭಾನುವಾರದವರೆಗೂ ಕಾಯದೆ ತಾವೇ ಗುಂಪಿನಿಂದ ಹೊರಗೆ ಬಂದರು.