ಮುಂದಕ್ಕೆ ಹಾಕಿದ ಕಿಡಿ

ನನ್ನ ಬಲಗಾಲ ಮಂಡಿಯ ಕೆಳಗೆ ಒಂದು ನೀಲಿ ಕಲೆಯಿದೆ. ಕೇಳಿದವರಿಗೆಲ್ಲ ಬಸ್ಸಿನ ಮೆಟ್ಟಿಲು ತಾಗಿತು ಎಂದು ಹೇಳುತ್ತ ಬಂದಿದ್ದೇನೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದ ನನ್ನನ್ನು ಒಂದು ಕನ್ನಡ ಪದ ಒದೆಯಿತು. ಕಾಲಿಗೆ ಬಡಿದದ್ದು ಇಂಜಿನ್ನಿನ ಕಿಕ್ಕರ್ ಎಂಬುದೇನೋ ನಿಜ. ಆದರೆ ಅದಕ್ಕೆ ಕುಮ್ಮಕ್ಕು ಕೊಟ್ಟದ್ದು 'ಮುಂದಕ್ಕೆ' ಎಂಬ ಪದ.

ಹಿಂದೂಪುರದಲ್ಲಿ ನಿವೃತ್ತನಾದವನು ಏನು ಮಾಡಬೇಕೆಂದು ಊರೇ ಗೊತ್ತುಮಾಡಿಟ್ಟಿದೆ. ಬೆಳಿಗ್ಗೆ ವಾಕಿಂಗ್ ಹೋಗಬೇಕು, ಆಮೇಲೆ ಹುಣಸೆಹಣ್ಣಿನ ಧಾರಣೆ ಕೇಳಿ, ತನ್ನದೊಂದು ಮರವಿಲ್ಲದಿದ್ದರೂ, ಅಯ್ಯೋ ಎನ್ನಬೇಕು. ನಾನು ಎಟಿವಿ ಕೊಂಡೆ. ಚಿಲಮತ್ತೂರಿನ ಹತ್ತಿರ ಹೈವೇ ಪಕ್ಕದಲ್ಲಿ, ಪಟ್ಟಣದವರು ಬಂದು ಮಣ್ಣಿನಲ್ಲಿ ಗಾಡಿ ಓಡಿಸಿ ಕಿರುಚಿಕೊಂಡು ಹೋಗಲೆಂದು ಒಂದು ಜಾಗವಿತ್ತು. ಅದು ಮುಚ್ಚಿದಾಗ ಗುಜರಿಗೆ ಬಂದ ಗಾಡಿ ಇದು. ಕೊಬ್ಬಿದ ಟೈರಿನ ನಾಲ್ಕು ಚಕ್ರ, ಬೈಕಿಗಿರುವಂಥ ಹ್ಯಾಂಡಲ್ಲು, ಸೀಟು. ಇಂಜಿನ್ ಮಾತ್ರ ಇರಲಿಲ್ಲ. ಇಂಜಿನ್ ಇಲ್ಲದ ಗಾಡಿಯನ್ನು ತಳ್ಳಿಕೊಂಡು ಬಂದ ಗಂಡನಿಗೆ ನನ್ನ ಹೆಂಡತಿ ಹೇಳಿದ ಮಾತನ್ನು ಇಲ್ಲಿ ಬರೆಯಲಾರೆ.

ಇಂಜಿನ್ ಕೂರಿಸಿದವನು ನಮ್ಮ ಬೀದಿಯ ಮೆಕ್ಯಾನಿಕ್ ಬಾಬಯ್ಯ. ಹಳೆಯ ಟೂ ಸ್ಟ್ರೋಕ್ ಬೈಕೊಂದರ ಇಂಜಿನ್ ತಂದು, ಅದರ ಹೆಡ್ ತೇಯಿಸಿ, ಹೊಗೆ ಹೋಗುವ ದಾರಿಯನ್ನು ಅರದಿಂದ ಉಜ್ಜಿ ಅಗಲ ಮಾಡಿ, ದೊಡ್ಡ ಕಾರ್ಬೊರೇಟರ್ ಹಾಕಿದ. ಹೀಗೆ ಮಾಡಿದ ಮೇಲೆ ಇಂಜಿನ್ನಿನ ಟೈಮಿಂಗ್ ಯಾವ ಪುಸ್ತಕದಲ್ಲೂ ಸಿಗುವುದಿಲ್ಲವಂತೆ, ಕಿವಿಯಲ್ಲೇ ಹುಡುಕಬೇಕಂತೆ. ಟೈಮಿಂಗ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಪಿಸ್ಟನ್ ಮೇಲಕ್ಕೆ ಬಂದು ಮುಟ್ಟುವುದಕ್ಕೆ ಕೂದಲೆಳೆಯಷ್ಟು ಮೊದಲು ಕಿಡಿ ಹಾರಬೇಕು. ತಡವಾದರೆ ಇಂಜಿನ್ ಕಾದು ಸೊರಗುತ್ತದೆ. ತೀರಾ ಬೇಗ ಹಾರಿದರೆ ಏರಿ ಬರುತ್ತಿರುವ ಪಿಸ್ಟನ್ನಿನ ತಲೆಯ ಮೇಲೆ ಹೊಡೆದು ಬಂದ ದಾರಿಗೇ ಅಟ್ಟುತ್ತದೆ. ನಮ್ಮಲ್ಲಿ ಇದಕ್ಕೆ ಮುಂಗೋಪ ಎನ್ನುತ್ತಾರೆ. ಎದುರಿನವರು ಮಾತು ಮುಗಿಸುವ ಮೊದಲೇ ಉರಿದುಬೀಳುವ ಆ ಗುಣ ನನ್ನಲ್ಲೂ ಧಾರಾಳವಾಗಿದೆ. ಅದಕ್ಕೇ ಈ ಇಂಜಿನ್ ಕಂಡರೆ ನನಗೆ ಒಡಹುಟ್ಟಿದವನನ್ನು ಕಂಡಷ್ಟು ಪ್ರೀತಿ.

ಕಿಡಿಗೆ ಕರೆಂಟು ಹುಟ್ಟಿಸುವ ಮ್ಯಾಗ್ನೆಟ್ಟಿನ ಹಿಂದೆ ಒಂದು ಪ್ಲೇಟ್ ಇರುತ್ತದೆ. ಸ್ಕ್ರೂ ಸಡಿಲಿಸಿ ಅದನ್ನು ಒಂದು ಕಡೆ ತಿರುಗಿಸಿದರೆ ಕಿಡಿ ಬೇಗ, ಇನ್ನೊಂದು ಕಡೆ ತಿರುಗಿಸಿದರೆ ತಡ. ಯಾವ ಕಡೆ ಯಾವುದು ಎಂದು ಚೀಟಿ ಬರೆದು ಟ್ಯಾಂಕಿಗೆ ಅಂಟಿಸಿಕೊಂಡಿದ್ದೆ. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ?

ಇಷ್ಟೆಲ್ಲ ಮಾಡಿದ್ದು ಅಕ್ಕನಿಗಾಗಿ. ಅಕ್ಕನ ಊರು ಕಲ್ಯಾಣದುರ್ಗದಿಂದ ಸೆಟ್ಟೂರಿಗೆ ಹೋಗುವ ದಾರಿಯಲ್ಲಿದೆ. ಊರ ಹಿಂದೆ ಸಣ್ಣದೊಂದು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಅವಳು ಮದುವೆಯಾಗಿ ಬಂದ ವರ್ಷ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಆರು ಹುಣಸೆ ಮರ. ಎರಡು ವರ್ಷದಿಂದ ಅವಳ ಮಂಡಿ ಮಡಚಲು ಬರುವುದಿಲ್ಲ, ಗುಡ್ಡದ ಕಲ್ಲು ದಾರಿಯಲ್ಲಿ ಬೇರೆ ಗಾಡಿ ಹೋಗುವುದಿಲ್ಲ. ಎರಡು ಸುಗ್ಗಿ ಅವಳು ಕೆಳಗೇ ಕೂತು ಹಣ್ಣು ಬಡಿಯುವ ಸದ್ದನ್ನಷ್ಟೇ ಕೇಳಿದಳು. ಈ ಸಲ ನಿನ್ನನ್ನು ಮರದ ಬುಡಕ್ಕೇ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆ. ಎಟಿವಿ ತರುತ್ತೇನೆ ಎಂದು ಫೋನಿನಲ್ಲಿ ಹೇಳಿದರೆ, "ಇರೋ ಟೀವೀನೇ ನೋಡೋರಿಲ್ಲ, ಇನ್ನೊಂದ್ಯಾಕ್ಲಾ?" ಎಂದಳು.

ಹಣ್ಣು ಬಡಿಯುವ ಕೊನೆಯ ದಿನ ಗಾಡಿಯನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಹೋದೆ. ಹಿಂದಿನ ಕ್ಯಾರಿಯರಿಗೆ ಕಾಲು ಕುಯ್ದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಬಿಗಿದಿದ್ದೆ. ಅಕ್ಕನಿಗೆ ಕಾಲು ಚಾಚಲು ಜಾಗ ಬೇಕಲ್ಲ, ಅದಕ್ಕೆ ಕುರ್ಚಿಯ ಮುಖ ಹಿಂದಕ್ಕೆ. ನನ್ನ ಬೆನ್ನಿಗೆ ಅವಳ ಬೆನ್ನು. ಕೂತವಳೇ ಸೆರಗು ಬಿಗಿದು, "ನೋಡ್ಲಾ, ಇವತ್ತು ಆಗ್ಲಿಲ್ಲ ಅಂದ್ರೆ ಇನ್ನ ಯಾವತ್ತೂ ನನ್ನ ಕರೀಬ್ಯಾಡ. ಆಸೆ ತೋರ್ಸಿ ಕೆಡವ್‌ಬ್ಯಾಡ" ಎಂದಳು. ನಗುತ್ತಲೇ ಅಂದಳು, ಆದರೂ ಅದು ಬರೀ ತಮಾಷೆಯಾಗಿರಲಿಲ್ಲ.

ಏರು ಶುರುವಾದ ಕಡೆಯೇ ಇಂಜಿನ್ ಸೋತಿತು. ಬಾಬಯ್ಯನಿಗೆ ಫೋನ್ ಮಾಡಿದೆ. ಅವನ ಮನೆಮಾತು ತೆಲುಗು, ಆದರೆ ಕನ್ನಡ ಮೇಷ್ಟ್ರೆಂಬ ಗೌರವಕ್ಕೆ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾನೆ. "ಟೈಮಿಂಗ್ ಒಂಚೂರು ಮುಂದಕ್ಕೆ ಹಾಕಿ ಸಾರ್" ಎಂದ. ಹಾಕಿದೆ. ಇಂಜಿನ್ ಇನ್ನೂ ಸೊರಗಿ, ಸೈಲೆನ್ಸರ್ ಮೇಲಿಟ್ಟರೆ ರೊಟ್ಟಿ ಬೇಯುವಷ್ಟು ಕಾದಿತು. ಮತ್ತೆ ಫೋನ್ ಮಾಡಿದೆ. "ಇನ್ನೂ ಮುಂದಕ್ಕೆ ಹಾಕಿ ಸಾರ್." ಇನ್ನೂ ಹಾಕಿದೆ. ಇಂಜಿನ್ ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿತು. ಅಕ್ಕ ಬಿಗಿದಿದ್ದ ಸೆರಗನ್ನು ಸಡಿಲಿಸಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಇಳಿಜಾರಿನಲ್ಲಿ ಉರುಳಿಸಿಕೊಂಡಾದರೂ ಮನೆ ಮುಟ್ಟಿಸೋಣವೆಂದು ಗಾಡಿಯ ಮೂತಿಯನ್ನು ಊರ ಕಡೆ ತಿರುಗಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೊನೆಯದಾಗಿ ಬಾಬಯ್ಯನನ್ನು ಬೈಯಲೆಂದು ಫೋನ್ ಮಾಡಿದೆ. ನನ್ನ ಬೈಗುಳದ ಬಿಸಿಗೆ ಅವನ ಕನ್ನಡ ಕರಗಿ ತೆಲುಗು ಹೊರಬಂತು.

"ಅಯ್ಯೋ ಸಾರ್, ಮುಂದು, ಮುಂದು! ನಿಪ್ಪು ಮುಂದು ರಾವಾಲ, ಪಿಸ್ಟನ್ ತರ್ವಾತ!"

ಬೆಂಕಿ ಮೊದಲು ಬರಬೇಕು, ಪಿಸ್ಟನ್ ಆಮೇಲೆ. ನಾನು ಹಣೆ ಹಣೆ ಚಚ್ಚಿಕೊಂಡೆ.

ನೋಡಿ, ಕನ್ನಡದಲ್ಲಿ ಮದುವೆಯನ್ನು ಮುಂದಕ್ಕೆ ಹಾಕಿದರೆ ಮದುವೆ ತಡವಾಗುತ್ತದೆ. ತೆಲುಗಿನಲ್ಲಿ ಮುಂದಕ್ಕೆ ಜರುಗಿಸಿದರೆ ಬೇಗ ಆಗುತ್ತದೆ. ನಮ್ಮ ಗಡಿಯಲ್ಲಿ ಹೆಣ್ಣಿನ ಕಡೆಯವರು ಛತ್ರದ ಬಾಗಿಲು ತೆಗೆಯುವ ಮೊದಲೇ ಗಂಡಿನ ಕಡೆಯವರು ಬಂದು ಕೂತ ಪ್ರಸಂಗಗಳಿವೆ. ಬಾಬಯ್ಯ ತೆಲುಗಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳಿದ್ದ, ನಾನು ಶುದ್ಧ ಕನ್ನಡದಲ್ಲಿ ಕೇಳಿಸಿಕೊಂಡು ಕಿಡಿಯನ್ನು ತಡ ಮಾಡುತ್ತ ಹೋಗಿದ್ದೆ. ಅವನು ಮರ್ಯಾದೆ ಬಿಟ್ಟು ಮೊದಲೇ ತೆಲುಗಿನಲ್ಲಿ ಹೇಳಿದ್ದರೆ ಈ ಪಾಡಿರಲಿಲ್ಲ. ಅವನೊಬ್ಬನನ್ನೇ ಏಕೆ ದೂರಲಿ? ಕನ್ನಡವೇನು ಕಡಿಮೆಯೇ? ಮುನ್ನ ಎಂದರೆ ಮೊದಲು, ಮುಂಚೆ ಎಂದರೂ ಮೊದಲು, ಮುಂಗಾರು ಮೊದಲ ಮಳೆ. ಮುಂದೆ ಎಂದರೆ ಮಾತ್ರ ಆಮೇಲೆ! ಒಂದೇ ತಾಯಿಯ ಮಕ್ಕಳು, ಒಬ್ಬ ಪೂರ್ವಕ್ಕೆ ಹೋದರೆ ಇನ್ನೊಬ್ಬ ಪಶ್ಚಿಮಕ್ಕೆ. ಇದನ್ನು ಮೂವತ್ತು ವರ್ಷ ಪಾಠ ಮಾಡಿದ ನನಗೆ ಒಮ್ಮೆಯೂ ಅನುಮಾನ ಬಂದಿರಲಿಲ್ಲ.

ತಪ್ಪು ತಿಳಿದವನಿಗೆ ತಿದ್ದುವ ಆತುರ ಹೆಚ್ಚು. ಪ್ಲೇಟನ್ನು ಬೇಗದ ಕಡೆಗೆ ಎಷ್ಟು ತಿರುಗುತ್ತದೋ ಅಷ್ಟೂ ತಿರುಗಿಸಿ ಕಿಕ್ಕರ್ ತುಳಿದೆ. ಅದು ತಿರುಗಿ ಒದೆಯಿತು. ನಾನು ಕಾಲು ಹಿಡಿದುಕೊಂಡು ಕುಪ್ಪಳಿಸುತ್ತಿರುವಾಗಲೇ ಇಂಜಿನ್ ಪಟಪಟ ಎಂದು ಹತ್ತಿಕೊಂಡಿತು! ಕುಂಟುತ್ತ ಸೀಟಿಗೆ ಏರಿ, ಕಲ್ಲು ಜರುಗಿಸಿ, ಗಾಡಿಯನ್ನು ಗುಡ್ಡದ ಕಡೆ ತಿರುಗಿಸಿಕೊಳ್ಳೋಣವೆಂದು ಒಂದನೇ ಗೇರ್ ಹಾಕಿದೆ. ಗಾಡಿ ಹಿಂದಕ್ಕೆ ಹೊರಟಿತು. ಎರಡನೇ ಗೇರ್ ಹಾಕಿದೆ. ಇನ್ನೂ ಜೋರಾಗಿ ಹಿಂದಕ್ಕೆ ಹೊರಟಿತು. ಆಮೇಲೆ ಬಾಬಯ್ಯ ಹೇಳಿದ, ಟೂ ಸ್ಟ್ರೋಕ್ ಇಂಜಿನ್ನಿಗೆ ಹಿಂದು ಮುಂದು ಗೊತ್ತಿಲ್ಲ ಸಾರ್, ಕಿಡಿ ಬೇಗ ಬಂದು ತಲೆಗೆ ಹೊಡೆದರೆ ಉಲ್ಟಾ ತಿರುಗುತ್ತೆ, ಗಾಡೀನೂ ಉಲ್ಟಾ ಓಡುತ್ತೆ ಎಂದು. ಆಗ ನನಗೇನು ಗೊತ್ತು? ನಿಲ್ಲಿಸಿದರೆ ಮತ್ತೆ ಹತ್ತುತ್ತದೋ ಇಲ್ಲವೋ ಎಂಬ ಭಯಕ್ಕೆ ಅದು ಹೋದ ಕಡೆಗೇ ಬಿಟ್ಟೆ. ಗಾಡಿ ನನ್ನನ್ನು ಬೆನ್ನುಮುಂದಾಗಿ ಗುಡ್ಡ ಹತ್ತಿಸತೊಡಗಿತು.

ನನಗೆ ದಾರಿ ಕಾಣದು. ಅಕ್ಕನಿಗೆ ಎಲ್ಲವೂ ಕಾಣುತ್ತಿತ್ತು. "ಎಡಕ್ಕೆ ಕಣ್ಲಾ! ಬಂಡೆ ಐತೆ!" ಅವಳ ಎಡ ನನಗೆ ಬಲ. ನಾನು ಮೊದಲು ಬಂಡೆಗೆ ಸವರಿಕೊಂಡೇ ಆ ಪಾಠ ಕಲಿತೆ. ಆಮೇಲೆ ಅವಳು ಎಡ ಬಲ ಬಿಟ್ಟು, "ಕಳ್ಳಿ ಕಡೆ! ಮೇಕೆ ಕಡೆ! ಅಯ್ಯೋ, ಮೇಕೆ ಬ್ಯಾಡ!" ಎಂದು ಕೂಗಿದಳು. ನಗುವಿನಲ್ಲಿ ಅವಳಿಗೆ ಮಾತು ಹೊರಡದು, ನನಗೆ ಹ್ಯಾಂಡಲ್ ನಿಲ್ಲದು. ಬೆನ್ನಿಗೆ ಬೆನ್ನು ತಾಗಿಸಿ ಇಬ್ಬರು ಮುದುಕರು ನಗುತ್ತಿದ್ದರೆ ಇಡೀ ಗಾಡಿಯೇ ಕುಲುಕುತ್ತಿತ್ತು. ನೆತ್ತಿಯಲ್ಲಿ ಹಣ್ಣು ಬಡಿಯುತ್ತಿದ್ದವರು ಗಳ ಎತ್ತಿದ ಕೈಯನ್ನು ಹಾಗೆಯೇ ನಿಲ್ಲಿಸಿ, ಸಿಂಹಾಸನದ ಮೇಲೆ ಕಾಲು ಚಾಚಿ ತಮ್ಮ ಕಡೆಗೇ ಬರುತ್ತಿದ್ದ ಅಕ್ಕನನ್ನು ಬಾಯಿ ಬಿಟ್ಟು ನೋಡಿದರು.

ಅಕ್ಕ ಇಳಿದು ಆರು ಮರವನ್ನೂ ಒಂದೊಂದಾಗಿ ಮುಟ್ಟಿದಳು. ಮೂರನೆಯದಕ್ಕೆ, "ನೀನೇ ಕಣೆ, ಸಾಯ್ತೀಯ ಅಂದ್ಕಂಡಿದ್ದೆ" ಎಂದಳು. ಅವಳು ಮರಗಳ ಜೊತೆ ಇದ್ದಷ್ಟು ಹೊತ್ತು ನಾನು ಪ್ಲೇಟನ್ನು ನಡುವಿಗೆ ತಂದು, ಮೆಲ್ಲನೆ ತುಳಿದು, ಕಿವಿಗೊಟ್ಟು ಕೇಳಿ, ಸರಿಯಾದ ಜಾಗ ಹುಡುಕಿದೆ. ಇಳಿಯುವಾಗ ಗಾಡಿ ಎಲ್ಲ ಗಾಡಿಗಳಂತೆ ಮೂತಿ ಮುಂದಾಗಿ ಹೋಯಿತು. ನನಗೆ ಈಗ ದಾರಿ ಚೆನ್ನಾಗಿ ಕಾಣುತ್ತಿತ್ತು. ಹಿಂದಿನ ಕುರ್ಚಿಯಿಂದ ಸದ್ದಿಲ್ಲ. ಬರುವಾಗಿನ ಮಜ ಇಲ್ಲವೆಂದು ಬೇಜಾರಾಯಿತೇನೋ ಎಂದುಕೊಂಡು, "ಅಕ್ಕಾ, ಸರಿಯಾಗಿ ಕೂತಿದ್ದೀಯಾ?" ಎಂದೆ.

"ಸುಮ್ನೆ ಓಡ್ಸ್ಲಾ" ಎಂದಳು ಅಕ್ಕ. "ಹೋಗ್ತಾನೂ ಬತ್ತಾನೂ ನನ್ನ ಮಖ ಮರದ ಕಡೀಕೇ ಐತೆ. ಇನ್ನೂ ಕಾಣ್ತಾವೆ."

ನಾನು ಗೇರ್ ಇಳಿಸಿ ಗಾಡಿಯನ್ನು ನಿಧಾನ ಮಾಡಿದೆ.